ಸಂಪಾದಕರ ಉತ್ತರ: ಮರೀನಾಗೆ ನಾಲ್ಕು ಪುಟ ಯಾಕೆ?

ಶಿವಮೊಗ್ಗದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಹಳೆಯ ಕಾರುಗಳ ಬಗ್ಗೆ ಬರೆಯುವಾಗ ಜಾಗ್ವಾರ್, ಆಸ್ಟನ್ ಮಾರ್ಟಿನ್‌ಗಳನ್ನು ಬದಿಗಿಟ್ಟು ಮಾರಿಸ್ ಮರೀನಾ, ಆಸ್ಟಿನ್ ಮ್ಯಾಕ್ಸಿಯಂಥ ‘ಡಬ್ಬಾ ಕಾರು’ಗಳಿಗೆ ನಾಲ್ಕು ಪುಟ ಕೊಟ್ಟೆವು ಎಂಬುದು ನಿಮ್ಮ ಸಿಟ್ಟು. ಅವು ಕೆಟ್ಟ ಕಾರುಗಳು, ಅದಕ್ಕೇ ರಸ್ತೆಯಿಂದ ಮಾಯವಾದವು ಅನ್ನುತ್ತೀರಿ. ಈಗ ಅವನ್ನು ಉಜ್ಜಿ ಹೊಳಪು ಕೊಡುವವರು ಬರೀ ತಮಾಷೆಗೆ ಹಾಗೆ ಮಾಡುತ್ತಾರಂತೆ. ಕನ್ನಡದ ಓದುಗನಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲವಂತೆ. ಖಾರವಾದ ಪತ್ರ, ಓದಿ ಖುಷಿಯಾಯಿತು. ಜಾಗ ಸಾಲದೆ ನಿಮ್ಮ ಪತ್ರವನ್ನು ಮೊಟಕು ಮಾಡಿ, ನನ್ನ ಉತ್ತರವನ್ನು ಮಾತ್ರ ಉದ್ದಕ್ಕೆ ಹಾಕುತ್ತಿದ್ದೇನೆ. ಸಂಪಾದಕನಾಗಿರುವುದಕ್ಕೆ ಇಷ್ಟಾದರೂ ಲಾಭ ಬೇಡವೇ?

ಕೆಟ್ಟದ್ದು, ಆದ್ದರಿಂದ ಅಳಿಯಿತು ಎಂಬ ನಿಮ್ಮ ಮೊದಲ ಮಾತೇ ನನಗೆ ಒಪ್ಪಿಗೆಯಿಲ್ಲ. ಮರೀನಾದ ಕಥೆಯನ್ನೇ ತೆಗೆದುಕೊಳ್ಳಿ. 1968ರಲ್ಲಿ ಹಲವು ಕಂಪನಿಗಳು ಕೂಡಿ ಬ್ರಿಟಿಷ್ ಲೇಲ್ಯಾಂಡ್ ಆದಾಗ, ಫೋರ್ಡ್ ಕಾರ್ಟಿನಾದ ಎದುರು ನಿಲ್ಲಿಸಬಲ್ಲ ಒಂದು ಸಾದಾ ಸೆಲೂನ್ ಕಾರು (ಹಿಂದೆ ಡಿಕ್ಕಿ ಇರುವ ಮನೆಬಳಕೆಯ ಕಾರು) ಅವರ ಹತ್ತಿರ ಇರಲಿಲ್ಲ. ಕಾರ್ಟಿನಾ ಅಂದರೆ ಅಲ್ಲಿನ ಕಂಪನಿಗಳು ತಮ್ಮ ಸೇಲ್ಸ್‌ಮನ್‌ಗಳಿಗೆಂದು ಸಗಟಾಗಿ ಕೊಳ್ಳುತ್ತಿದ್ದ ಕಾರು. ಆ ಗಿರಾಕಿಗೆ ಹೊಸ ತಂತ್ರಜ್ಞಾನ ಬೇಕಿರಲಿಲ್ಲ. ಡಿಕ್ಕಿಯಲ್ಲಿ ಸ್ಯಾಂಪಲ್ ಪೆಟ್ಟಿಗೆ ಹಿಡಿಸಬೇಕು, ಕೆಟ್ಟರೆ ಮೂಲೆಮನೆಯ ಗ್ಯಾರೇಜಿನವನೂ ರಿಪೇರಿ ಮಾಡುವಂತಿರಬೇಕು, ಅಷ್ಟೆ. ಎರಡನೇ ಕಾರ್ಟಿನಾದ ರೂಪ ಬರೆದಿದ್ದ ರಾಯ್ ಹೇನ್ಸ್ ಅವರಿಂದಲೇ ಇದರ ರೂಪವನ್ನೂ ಬರೆಸಿ, ಕೈಗೆ ಸಿಕ್ಕ ಸಾಮಾನಿನಲ್ಲೇ ಒಂದು ಕಾರು ಕಟ್ಟಿದರು. ಮುಂದಿನ ಸಸ್ಪೆನ್ಷನ್ 1948ರ ಮಾರಿಸ್ ಮೈನರ್‌ನ ಮನೆತನದ್ದು. 1.8 ಲೀಟರ್ ಎಂಜಿನ್ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿನಲ್ಲಿದ್ದ ಬಿ-ಸೀರೀಸ್. ಗೇರ್‌ಬಾಕ್ಸ್ ಅದೇ ಗುಂಪಿನ ಟ್ರಯಂಫ್ ಕಂಪನಿಯದು. 1971ರ ಏಪ್ರಿಲ್‌ನಲ್ಲಿ ಆಕ್ಸ್‌ಫರ್ಡ್ ಪಕ್ಕದ ಕೌಲಿ ಕಾರ್ಖಾನೆಯಿಂದ ಅದು ಹೊರಬಂತು.

ದೋಷಗಳಿದ್ದವು, ಮುಚ್ಚಿಡುವುದಿಲ್ಲ. ಮೊದಮೊದಲ 1.8 ಮರೀನಾಗಳನ್ನು ತಿರುವಿನಲ್ಲಿ ಜೋರಾಗಿ ತಿರುಗಿಸಿದರೆ ಮೂಗು ನೇರಕ್ಕೇ ಹೋಗುತ್ತಿತ್ತು. ಮೋಟಾರು ಪತ್ರಕರ್ತರು ಬೊಬ್ಬೆ ಹಾಕಿದ ಮೇಲೆ ಸಸ್ಪೆನ್ಷನ್ ತಿದ್ದಿದರು. ಡ್ಯಾಶ್‌ಬೋರ್ಡಿನ ನಡುಭಾಗ ಡ್ರೈವರ್ ಕಡೆಗೆ ತಿರುಗುವ ಬದಲು ಪಕ್ಕದಲ್ಲಿ ಕುಳಿತವರ ಕಡೆಗೆ ಮುಖ ಮಾಡಿತ್ತು. ರೇಡಿಯೊ ಟ್ಯೂನ್ ಮಾಡುವ ಸುಖ ಹೆಂಡತಿಗೋ ಮಾವನಿಗೋ ಮೀಸಲು. ಆದರೂ 1973ರಲ್ಲಿ ಬ್ರಿಟನ್ನಿನಲ್ಲಿ ಕಾರ್ಟಿನಾ ಬಿಟ್ಟರೆ ಅತಿ ಹೆಚ್ಚು ಮಾರಾಟವಾದ ಕಾರು ಇದೇ. 1980ರ ತನಕ ಎಂಟು ಲಕ್ಷದಷ್ಟು ಮರೀನಾಗಳು ಬೀದಿಗಿಳಿದವು. ಎಂಟು ಲಕ್ಷ ಮನೆಯವರೆಲ್ಲ ಬುದ್ಧಿಯಿಲ್ಲದವರಾಗಿದ್ದರೇ?

ಹಾಗಾದರೆ ಎಲ್ಲಿ ಹೋದವು? ಅರ್ಧ ಉತ್ತರ ಎಲ್ಲರಿಗೂ ಗೊತ್ತು: ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ, ತಗಡು ಕರಗುತ್ತದೆ, ವರ್ಷಕ್ಕೊಮ್ಮೆ ಬರುವ ಎಂ.ಒ.ಟಿ. ಎಂಬ ಫಿಟ್‌ನೆಸ್ ಪರೀಕ್ಷೆಯಲ್ಲಿ ಕಾರು ಫೇಲಾಗುತ್ತದೆ, ಬೆಸುಗೆಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾಗಿ ಅದು ಗುಜರಿಗೆ ಹೋಗುತ್ತದೆ. ಉಳಿದರ್ಧ ನನಗೆ ಇನ್ನೂ ಸ್ವಾರಸ್ಯದ್ದು. ಮರೀನಾವನ್ನು ತಿಂದದ್ದು ಮೈನರ್! ಮಾರಿಸ್ ಮೈನರ್ ಬ್ರಿಟಿಷರ ಕಣ್ಮಣಿ, ಅಜ್ಜಿಯ ಕಾರು, ನರ್ಸಮ್ಮನ ಕಾರು, ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಆದರೆ ಅದರ ಡ್ರಮ್ ಬ್ರೇಕು ಈ ಕಾಲದ ಟ್ರಾಫಿಕ್‌ಗೆ ಸಾಲದು. ಮರೀನಾದ ಮುಂಗಾಲು ಮೈನರ್‌ನ ವಂಶದ್ದೇ ಆದ್ದರಿಂದ, ಅದರ ಡಿಸ್ಕ್ ಬ್ರೇಕನ್ನು ಮೈನರ್‌ಗೆ ಕೂರಿಸುವುದು ಹೆಚ್ಚು ಕಷ್ಟವಲ್ಲ. ಹಿಂದಿನ ಆಕ್ಸಲ್ಲೂ ಆಗುತ್ತದೆ, ಮರೀನಾದ 1.3 ಲೀಟರ್ ಎಂಜಿನ್ನೂ ಆಗುತ್ತದೆ. ಹಾಗಾಗಿ ಎಂಬತ್ತು, ತೊಂಬತ್ತರ ದಶಕಗಳುದ್ದಕ್ಕೂ ಮೈನರ್ ಪ್ರೇಮಿಗಳು ಗುಜರಿ ಅಂಗಳಗಳಲ್ಲಿ ಮರೀನಾ ಹುಡುಕುತ್ತ ತಿರುಗಿದರು. ಇಂದು ನೀವು ಕಾಣುವ ಚೆಂದದ, ಚೆನ್ನಾಗಿ ಬ್ರೇಕ್ ಹಿಡಿಯುವ ಎಷ್ಟೋ ಮೈನರ್‌ಗಳ ಹೊಟ್ಟೆಯಲ್ಲಿ ಒಂದೊಂದು ಮರೀನಾ ಇದೆ.

ಜಾಗ್ವಾರ್ ಇ-ಟೈಪ್ ತಯಾರಾದದ್ದು ಸುಮಾರು 72,000. ಅವು ಇಂದಿಗೂ ಸಾವಿರಗಳ ಲೆಕ್ಕದಲ್ಲಿ ಉಳಿದಿವೆ. ಎಂಟು ಲಕ್ಷ ತಯಾರಾದ ಮರೀನಾ ಬ್ರಿಟನ್ನಿನ ರಸ್ತೆಯಲ್ಲಿ ನೂರರ ಲೆಕ್ಕಕ್ಕೆ ಇಳಿದಿದೆ. ಅಪರೂಪವಾಗಿ ಹುಟ್ಟಿದ್ದನ್ನು ಮೊದಲ ದಿನದಿಂದಲೇ ಶೆಡ್ಡಿನಲ್ಲಿಟ್ಟು ಕಾಪಾಡುತ್ತಾರೆ. ಎಲ್ಲೆಲ್ಲೂ ಇದ್ದದ್ದನ್ನು ಯಾರೂ ಕಾಪಾಡುವುದಿಲ್ಲ, ಪಕ್ಕದ ಬೀದಿಯಲ್ಲಿ ಇನ್ನೊಂದು ಇದ್ದೇ ಇರುತ್ತದಲ್ಲ ಎಂಬ ಧೈರ್ಯ. ನಾವು ಪುಟ ಕೊಟ್ಟದ್ದು ಈ ಕಾರಣಕ್ಕೆ. ಇ-ಟೈಪ್ ಬಗ್ಗೆ ಬರೆಯಲು ಪ್ರಪಂಚದಲ್ಲಿ ಬೇಕಾದಷ್ಟು ಜನರಿದ್ದಾರೆ.

ಮ್ಯಾಕ್ಸಿಯ ಬಗ್ಗೆ ನೀವು ಬರೆದ ‘ಹೆಬ್ಬಾವು ನುಂಗಿದಂತಿರುವ ಕಾರು’ ಎಂಬ ಮಾತಿಗೆ ನಕ್ಕೆ. ಹಾಗೆ ಕಾಣುವುದಕ್ಕೆ ಕಾರಣವಿದೆ. ಹಣ ಉಳಿಸಲೆಂದು ಅದಕ್ಕೆ 1964ರ ಆಸ್ಟಿನ್ 1800ರ ಬಾಗಿಲುಗಳನ್ನೇ ಹಾಕಬೇಕೆಂದು ಮೊದಲೇ ತೀರ್ಮಾನವಾಗಿತ್ತು. ದೊಡ್ಡ ಕಾರಿನ ನಾಲ್ಕು ಬಾಗಿಲು ಮೊದಲು ಬಂದವು, ಉಳಿದ ಕಾರನ್ನು ಅವುಗಳ ಸುತ್ತ ಬರೆಯಬೇಕಾಯಿತು. ಬರೆಯಿಸಿದವರು ಮಿನಿಯನ್ನು ಕೊಟ್ಟ ಅಲೆಕ್ ಇಸಿಗೋನಿಸ್, ಅವರ ಕೈಯಿಂದ ಉತ್ಪಾದನೆಗೆ ಬಂದ ಕೊನೆಯ ಕಾರು ಇದು. ಆದರೆ ಒಳಗೆ ಕೂತು ನೋಡಿ. 1969ರಲ್ಲಿ ಒಂದು ಮಧ್ಯಮ ವರ್ಗದ ಕಾರಿಗೆ ಐದನೇ ಗೇರು! ಹಿಂದೆ ಮೇಲಕ್ಕೆ ಎತ್ತುವ ಐದನೇ ಬಾಗಿಲು. ಮುಂದಿನ ಸೀಟು ಹಿಂದಕ್ಕೆ ಮಲಗಿಸಿದರೆ ಹಿಂದಿನದಕ್ಕೆ ಕೂಡಿಕೊಂಡು ಇಬ್ಬರು ಮಲಗುವ ಹಾಸಿಗೆ. ಇವತ್ತು ನಮ್ಮಲ್ಲಿ ಶೋರೂಮಿನವರು ಬೆರಳು ಮಡಚಿ ಎಣಿಸಿ ಹೇಳುವ ಅರ್ಧ ಸೌಲಭ್ಯಗಳು ಅದರಲ್ಲಿದ್ದವು. ಹಾಳು ಮಾಡಿದ್ದು ಗೇರು. ಮೊದಲ ಕಾರುಗಳಲ್ಲಿ ಗೇರ್ ಲಿವರ್‌ನಿಂದ ಪೆಟ್ಟಿಗೆಗೆ ಹೋಗುತ್ತಿದ್ದದ್ದು ಕೇಬಲ್ಲು, ಅದು ಎಳೆದಾಡಿ ಯಾವ ಗೇರಿಗೆ ಬಿತ್ತೆಂದೇ ತಿಳಿಯುತ್ತಿರಲಿಲ್ಲ. 1970ರ ಅಕ್ಟೋಬರ್‌ನಲ್ಲಿ ಕೇಬಲ್ ತೆಗೆದು ಸರಳು ಹಾಕಿದರು, ಎಂಜಿನ್ನನ್ನು 1748 ಸಿ.ಸಿ.ಗೆ ಹಿಗ್ಗಿಸಿದರು, ಕಾರು ಸರಿಹೋಯಿತು. ಹೆಸರು ಮಾತ್ರ ಸರಿಹೋಗಲಿಲ್ಲ. ಮೊದಲ ಒಂದೂವರೆ ವರ್ಷದ ಹೆಸರನ್ನೇ 1981ರವರೆಗೂ ಹೊತ್ತು ತಿರುಗಿತು ಪಾಪ.

ಈ ಕಾರುಗಳ ಗಟ್ಟಿತನದ ಬಗ್ಗೆ ಸಂದೇಹವಿದ್ದರೆ ನಮ್ಮ ದೇಶದ ಮೂಲಕವೇ ಹಾದುಹೋದ ಒಂದು ಸಾಕ್ಷಿ ಇದೆ. 1968ರ ನವೆಂಬರ್‌ನಲ್ಲಿ ಲಂಡನ್–ಸಿಡ್ನಿ ಮ್ಯಾರಥಾನ್ ಹೊರಟಿತು. ಇಸ್ತಾಂಬುಲ್, ಟೆಹರಾನ್, ಕಾಬೂಲ್, ದೆಹಲಿ ದಾಟಿ ಬೊಂಬಾಯಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ ಹೋಗಿ, ಮರುಭೂಮಿ ಹಾಯ್ದು ಸಿಡ್ನಿ ಸೇರುವ ರ‍್ಯಾಲಿ. ಪೋರ್ಷೆ, ಸಿಟ್ರೊಯೆನ್, ಮರ್ಸಿಡಿಸ್ ಎಲ್ಲ ಇದ್ದವು. ಗೆದ್ದದ್ದು ಆ್ಯಂಡ್ರ್ಯೂ ಕೋವನ್ ತಂಡದ ಹಿಲ್‌ಮನ್ ಹಂಟರ್, ಕವೆಂಟ್ರಿಯ ಗುಮಾಸ್ತರು ಆಫೀಸಿಗೆ ಓಡಿಸುತ್ತಿದ್ದಂಥ ಚೌಕಾಕಾರದ ಸೆಲೂನು. ಎರಡನೆಯದು ಪ್ಯಾಡಿ ಹಾಪ್‌ಕರ್ಕ್ ಅವರ ಆಸ್ಟಿನ್ 1800, ಮ್ಯಾಕ್ಸಿಗೆ ಬಾಗಿಲು ಕೊಟ್ಟ ಅದೇ ಕಾರು. ಹಂಟರ್ ಇರಾನಿನಲ್ಲಿ ಪೇಕಾನ್ ಎಂಬ ಹೆಸರಿನಲ್ಲಿ 2005ರವರೆಗೂ ತಯಾರಾಗುತ್ತಿತ್ತು, ಲೆಕ್ಕ ಇಪ್ಪತ್ತು ಲಕ್ಷ ದಾಟಿತು. ಒಂದು ಇಡೀ ದೇಶದ ಟ್ಯಾಕ್ಸಿಯಾದ ಕಾರು ಹುಟ್ಟಿದೂರಿನಲ್ಲಿ ಈಗ ಕಣ್ಣಿಗೆ ಬೀಳುವುದೇ ಅಪರೂಪ.

ತಮಾಷೆಯ ಮಾತಿಗೆ ಬರೋಣ. ತಮಾಷೆ ಇಲ್ಲವೆನ್ನುವುದಿಲ್ಲ. ಬ್ರಿಟನ್ನಿನ ಒಂದು ಜನಪ್ರಿಯ ಟಿ.ವಿ. ಕಾರ್ಯಕ್ರಮದಲ್ಲಿ ಮರೀನಾ ಕಾಣಿಸಿದರೆ ಸಾಕು, ಆಕಾಶದಿಂದ ಪಿಯಾನೊ ಬಿದ್ದು ಅದನ್ನು ಅಪ್ಪಚ್ಚಿ ಮಾಡುತ್ತಿತ್ತು. ಜನ ನಕ್ಕರು. ನೂರರ ಲೆಕ್ಕದಲ್ಲಿ ಉಳಿದದ್ದರಲ್ಲಿ ಹೀಗೂ ಒಂದೆರಡು ಕಡಿಮೆಯಾದವು, ನನಗೆ ನಗು ಬರಲಿಲ್ಲ. ಇನ್ನೊಂದು ಕಡೆ, 2014ರಿಂದ ಅಲ್ಲಿ ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್’ ಎಂಬ ಮೇಳ ನಡೆಯುತ್ತದೆ. ಯಾವ ವಿಶೇಷವೂ ಇಲ್ಲದ ಕಾರುಗಳಿಗೇ ಮೀಸಲಾದ ಸ್ಪರ್ಧೆ, ಹಿನ್ನೆಲೆಗೆ ಮಾತ್ರ ಅರಮನೆಯಂಥ ಬಂಗಲೆ. ಹೆಸರಿನಲ್ಲಿ ನಗು ಇದೆ, ಆದರೆ ಬರುವವರ ಶ್ರದ್ಧೆ ನಗುವಂಥದ್ದಲ್ಲ. ಅಲ್ಲಿ ಬೆಲೆ ಇರುವುದು ಅತಿ ಅಗ್ಗದ ಮಾಡೆಲ್‌ಗೆ, ಗಡಿಯಾರದ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳ ಇರುವಂಥದಕ್ಕೆ. ಮಾರಿದ ಡೀಲರನ ಸ್ಟಿಕ್ಕರು ಹಿಂದಿನ ಗಾಜಿನಲ್ಲಿ ಹಾಗೇ ಉಳಿದಿರಬೇಕು. ಬಣ್ಣ ಲೇಲ್ಯಾಂಡಿನ ರಸೆಟ್ ಬ್ರೌನೋ ಹಾರ್ವೆಸ್ಟ್ ಗೋಲ್ಡೋ ಆಗಿದ್ದರೆ ಇನ್ನೂ ಒಳ್ಳೆಯದು, ಯಾರೋ ಕೆಂಪು ಬಳಿಸಿದ್ದರೆ ಮುಖ ತಿರುಗಿಸುತ್ತಾರೆ.

ಆ ಶ್ರದ್ಧೆಗೆ ಕಾರಣವನ್ನು ಗ್ಯಾರೇಜಿನಲ್ಲಿ ಕಾಣಬಹುದು. ಮರೀನಾದ ಪಿಸ್ಟನ್, ಕ್ಲಚ್ಚು, ವಾಟರ್ ಪಂಪು ಹುಡುಕುವುದು ಕಷ್ಟವಲ್ಲ, ಎಂ.ಜಿ.ಬಿ.ಯ ಪುಣ್ಯದಿಂದ ಅಂಗಡಿಯಲ್ಲಿ ಹೊಸದೇ ಸಿಗುತ್ತದೆ. ಸಿಗದಿರುವುದು ಹಿಂದಿನ ದೀಪದ ಗಾಜು, ಬಾಗಿಲಿನ ಒಳಹೊದಿಕೆ, ಕಿಟಕಿಯ ರಬ್ಬರು. ಇ-ಟೈಪ್‌ಗೆ ಹೊಸ ಬಾಡಿಯನ್ನೇ ಬಡಿದು ಕೊಡುವವರಿದ್ದಾರೆ, ಏಕೆಂದರೆ ಆ ಖರ್ಚನ್ನು ಕಾರಿನ ಬೆಲೆ ಹೊರುತ್ತದೆ. ಮರೀನಾದ ದೀಪದ ಗಾಜಿಗೆ ಅಚ್ಚು ಮಾಡಿಸಿದರೆ ಕೊಳ್ಳುವವರು ಎಷ್ಟು ಜನ? ಆದ್ದರಿಂದ ಒಂದು ಗಾಜಿಗಾಗಿ ದೇಶದ ಆ ತುದಿಗೆ ಹೋಗುತ್ತಾರೆ. ಸರ್ಕಾರದ ಕಡೆಯಿಂದ ಒಂದಿಷ್ಟು ಉಪಕಾರವೂ ಇದೆ: 40 ವರ್ಷ ತುಂಬಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆಯಿಲ್ಲ, 2018ರಿಂದ ಎಂ.ಒ.ಟಿ. ಕಡ್ಡಾಯವೂ ಅಲ್ಲ. ಆದರೂ ಮಾರಿದರೆ ಹಾಕಿದ ದುಡ್ಡು ವಾಪಸು ಬರುವುದಿಲ್ಲ, ಅದು ಅವರಿಗೂ ಗೊತ್ತು.

‘ನಮಗೇನು ಸಂಬಂಧ’ ಎಂದಿರಲ್ಲ, ಅದಕ್ಕೆ ಉತ್ತರ ನಮ್ಮ ರಸ್ತೆಯಲ್ಲೇ ಓಡಾಡಿದೆ. ಅಂಬಾಸಿಡರ್ ಎಂದರೆ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸೀರೀಸು, ಅದೂ ಕೌಲಿಯದೇ. ಅದರ 1489 ಸಿ.ಸಿ. ಎಂಜಿನ್ ಕೂಡ ಮರೀನಾ 1.8ರ ಹಾಗೆ ಬಿ-ಸೀರೀಸ್. ದಾವಣಗೆರೆಯ ಹಳೆಯ ಅಂಬಾಸಿಡರ್ ಮೆಕ್ಯಾನಿಕ್ ಒಬ್ಬರನ್ನು ಮರೀನಾ 1.8ರ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿದ ಕೂಡಲೇ ಟ್ಯಾಪೆಟ್ ಹೊಂದಿಸಲು ಶುರುಮಾಡುತ್ತಾರೆ. ಬ್ರಿಟನ್ನಿಗೂ ಒಂದು ಅಂಬಾಸಿಡರ್ ಇತ್ತು ಎಂದರೆ ನಂಬುತ್ತೀರಾ? ಆಸ್ಟಿನ್ ಅಂಬಾಸಿಡರ್, 1982ರಿಂದ 84ರವರೆಗೆ, ಬೆಣೆಯಾಕಾರದ ಹ್ಯಾಚ್‌ಬ್ಯಾಕು, ಸುಮಾರು 43 ಸಾವಿರ ತಯಾರಾಗಿ ನಿಂತುಹೋಯಿತು. ನಮ್ಮದು 2014ರವರೆಗೆ ಬದುಕಿತು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಟ್ರಯಂಫ್‌ನ ಕೂಸು, ಅದಕ್ಕೆ ನಾಲ್ಕು ಬಾಗಿಲು ಇಟ್ಟದ್ದು ಮಾತ್ರ ನಮ್ಮವರೇ, ಬ್ರಿಟನ್ನಿನಲ್ಲಿ ಅದು ಎರಡು ಬಾಗಿಲಲ್ಲೇ ಉಳಿಯಿತು.

ಎಲ್ಲಕ್ಕಿಂತ ಹತ್ತಿರದ ನೆಂಟ ಕಾಂಟೆಸ್ಸಾ. ಲೂಟನ್‌ನಲ್ಲಿ 1972ರಿಂದ 78ರವರೆಗೆ ತಯಾರಾದ ವಾಕ್ಸ್‌ಹಾಲ್ ವಿಕ್ಟರ್‌ನ ಕೊನೆಯ ಪೀಳಿಗೆಯೇ ಅದು. ವಿಕ್ಟರ್‌ಗೆ ಓರೆಯಾಗಿ ಮಲಗಿಸಿದ, ಮೇಲೆ ಕ್ಯಾಮ್‌ಶಾಫ್ಟ್ ಇರುವ 1.8 ಮತ್ತು 2.3 ಲೀಟರ್ ಎಂಜಿನ್‌ಗಳಿದ್ದವು. ಅಚ್ಚುಗಳನ್ನು ಕೊಂಡ ಹಿಂದುಸ್ತಾನ್ ಮೋಟಾರ್ಸ್ ಎಂಬತ್ತರ ದಶಕದಲ್ಲಿ ಆ ದೊಡ್ಡ ಮೈಗೆ ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್ ಕೂರಿಸಿತು. ಸಿನಿಮಾದ ಖಳನಾಯಕರೆಲ್ಲ ಅದರಲ್ಲಿ ಬಂದಿಳಿದರು, ಘಾಟಿಯಲ್ಲಿ ಮಾತ್ರ ಲಾರಿಯ ಹಿಂದೆಯೇ ಬಂದರು. ಇಸುಜು 1.8 ಎಂಜಿನ್ ಬಂದ ಮೇಲೆಯೇ ಅದಕ್ಕೆ ಮೈಗೆ ತಕ್ಕ ಉಸಿರು ಬಂದದ್ದು.

ಈಗ ನಿಮ್ಮ ಪತ್ರದ ತಾ.ಕ. ‘ನಮ್ಮ ಭಾವನ 1.5 ಕಾಂಟೆಸ್ಸಾ ವರ್ಷಗಳಿಂದ ಶೆಡ್ಡಿನಲ್ಲಿದೆ. ಇಸುಜು ಹಾಕಿಸೋಣವೋ, ಗುಜರಿಗೆ ಕೊಡೋಣವೋ?’ ಮೂರು ಪುಟ ಸಾದಾ ಕಾರುಗಳನ್ನು ಬೈದವರು ಕೊನೆಗೆ ಕೇಳಿದ್ದು ಇದನ್ನು! ಎರಡೂ ಬೇಡ. 1.5ರ ಬಿಡಿಭಾಗ ಅಂಬಾಸಿಡರ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಜನ ಎಂಜಿನ್ ಬದಲಾಯಿಸುತ್ತ ಹೋದದ್ದರಿಂದ ಮೂಲ ಎಂಜಿನ್ನಿನ ಕಾಂಟೆಸ್ಸಾಗಳೇ ಕಡಿಮೆ. ಬದಲಾಯಿಸಿದರೆ ಆರ್.ಸಿ.ಯಲ್ಲಿ ನಮೂದಿಸಲು ಆರ್‌.ಟಿ.ಒ. ಸುತ್ತಾಟ ಬೇರೆ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ 50 ವರ್ಷ ತುಂಬಬೇಕು, ನಿಮ್ಮದಕ್ಕೆ ಅದು ಇನ್ನೂ ದೂರ. ಅಲ್ಲಿಯವರೆಗೆ ಐದೈದು ವರ್ಷದ ನವೀಕರಣವೇ ಗತಿ, ಆರ್.ಸಿ. ಅವಧಿ ಮುಗಿದಿದೆಯೇ ಎಂದು ಮೊದಲು ನೋಡಿ.

ಕಾರನ್ನು ಸ್ಟಾರ್ಟ್ ಮಾಡಲು ಮಾತ್ರ ಆತುರ ಬೇಡ. ಹಳೆಯ ಪೆಟ್ರೋಲನ್ನು ಪೂರ್ತಿ ಬಸಿಸಿ. ಪ್ಲಗ್ ಬಿಚ್ಚಿ, ತೂತಿಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಕೈಯಲ್ಲೇ ಎಂಜಿನ್ ತಿರುಗಿಸಿ ನೋಡಿ. ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಿಸದೆ ಗೇಟು ದಾಟಿಸಬೇಡಿ. ಬಾಗಿಲ ಕೆಳಗಿನ ಸಿಲ್, ಮುಂದಿನ ಗಾಜಿನ ಅಂಚು, ಡಿಕ್ಕಿಯ ತಳ, ಈ ಮೂರು ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮಲೆನಾಡಿನ ಮಳೆ ಅಲ್ಲಿ ಕೂತಿರುತ್ತದೆ. ಹಿಂದಿನ ದೀಪ, ಗ್ರಿಲ್, ಹೆಸರಿನ ಬಿಲ್ಲೆ ಇವುಗಳಲ್ಲಿ ಏನು ಉಳಿದಿದೆ, ಏನಿಲ್ಲ ಎಂದು ಪಟ್ಟಿ ಮಾಡಿ, ಡ್ಯಾಶ್‌ಬೋರ್ಡಿನ ಒಂದು ಫೋಟೊ ಜೊತೆ ನನಗೆ ಕಳಿಸಿ. ಗುಜರಿಯವರು ಬೆಲೆ ಕೇಳಿಕೊಂಡು ಬಂದರೆ, ಭಾವ ಊರಲ್ಲಿಲ್ಲ ಎಂದು ಹೇಳಿ ಕಳಿಸಿಬಿಡಿ.

— ಸಂ.