ಶೆಡ್ಡಿಗೆ ಮತ್ತೆ ಜನ ಬಂದದ್ದು ಯಾಕೆ?

ಪ್ರಿಯ ಓದುಗರೇ,

ಬೆಂಗಳೂರಿನ ವಿಜಯನಗರದಿಂದ ನೀವು ಬರೆದ ಪತ್ರ ತಲುಪಿತು. "ಕೊರೊನಾ ಬಂದು ಹೋಗಿ ವರ್ಷಗಳಾದವು. ಊರಿಗೆ ಹೋದ ಕೂಲಿಯವರೆಲ್ಲ ವಾಪಸ್ ಬಂದಿದ್ದಾರೆ. ನಮ್ಮ ಬೀದಿಯಲ್ಲೇ ಮೂರು ಕಟ್ಟಡ ಏಳುತ್ತಿವೆ. ಎಲ್ಲ ಸರಿಹೋದ ಮೇಲೂ ನಿಮ್ಮ ಪತ್ರಿಕೆಯಲ್ಲಿ ರಾಯಚೂರು, ಕಲಬುರಗಿಯ ಕಷ್ಟ ಅಂತ ಅದೇ ಹಳೇ ರಾಗ ಯಾಕೆ?" ಅಂತ ಕೇಳಿದ್ದೀರಿ. ಖಾರ ಜಾಸ್ತಿಯೇ ಇದೆ. ಇರಲಿ, ಸಪ್ಪೆ ಪತ್ರಕ್ಕಿಂತ ವಾಸಿ.

ವಾಪಸ್ ಬಂದದ್ದು ನಿಜ. ಆದರೆ ನೀವು ಚೇತರಿಕೆ ಅನ್ನುತ್ತಿರುವುದಕ್ಕೆ ಆ ಕಡೆ ಗುಳೆ, ಅಂದರೆ ಹೊಟ್ಟೆಪಾಡಿಗೆ ಊರು ಬಿಡುವುದು, ಅನ್ನುತ್ತಾರೆ.

ನಮ್ಮ ಕಚೇರಿಯ ಹಿಂದೆ ಆಗ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಪಕ್ಕದಲ್ಲೇ ತಗಡಿನ ಶೆಡ್ಡುಗಳು. 2020ರ ಮೇ ಮೊದಲ ವಾರ ಅವು ಖಾಲಿಯಾದವು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಮೊದಲು ದುಪ್ಪಟ್ಟು ದುಡ್ಡು ಕೇಳಿ, ಗಲಾಟೆಯಾದ ಮೇಲೆ ಮೇ 3ರಿಂದ ಪುಕ್ಕಟೆ ಬಿಟ್ಟರು, ನೆನಪಿದೆ ಅಲ್ವಾ? ದೀಪಾವಳಿ ಮುಗಿಯುವ ಹೊತ್ತಿಗೆ ಶೆಡ್ಡಿನ ಮುಂದೆ ಮತ್ತೆ ಒಲೆ ಹೊತ್ತಿತ್ತು. ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯ ಹೆಂಗಸೊಬ್ಬರು ರೊಟ್ಟಿ ಬಡಿಯುತ್ತಿದ್ದರು.

"ಊರಲ್ಲಿ ಕೆಲಸ ಸಿಗಲಿಲ್ವಾ ಅಕ್ಕಾ?" ಅಂದೆ.

ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಜಾಬ್ ಕಾರ್ಡ್ ತಂದರು. "ಖಾತ್ರಿ ಕೆಲಸ ಚಲೋ ಇತ್ರಿ. ಹೊಂಡ ತೋಡಿದ್ವಿ, ಬದು ಹಾಕಿದ್ವಿ. ನಾವಿಬ್ರು, ಹಿರೇಮಗ, ಮೂರೂ ಮಂದಿ ಹೋದ್ವಿ. ದಿನ ಲಗೂನ ಮುಗದ್ವು."

ಅವರು ಹೇಳಿದ ದಿನಗಳ ಲೆಕ್ಕ ಇಷ್ಟೇ. ಆಗಿನ ಉದ್ಯೋಗ ಖಾತ್ರಿಯ 100 ದಿನ ತಲೆಗೆ ಅಲ್ಲ, ಮನೆಗೆ. ಮೂವರು ಒಟ್ಟಿಗೆ ಹೋದರೆ 33 ದಿನಕ್ಕೆ ಕತೆ ಮುಗಿಯಿತು. ಆ ವರ್ಷ ನಮ್ಮ ರಾಜ್ಯದಲ್ಲಿ ದಿನಗೂಲಿ 275 ರೂಪಾಯಿ. ನೂರೂ ದಿನ ಸಿಕ್ಕರೆ ವರ್ಷಕ್ಕೆ 27,500. ಅಷ್ಟರಲ್ಲಿ ಐದು ಜನ ಉಣ್ಣಬೇಕು, ಸಾಲ ತೀರಿಸಬೇಕು. ಬೆಂಗಳೂರಿನ ಬಸ್ಸು ಹತ್ತದೆ ಏನು ಮಾಡುತ್ತಾರೆ?

ಅವರ ಕಿರಿಮಗಳು ಎಂಟನೇ ಕ್ಲಾಸು. ಊರಲ್ಲಿದ್ದಾಗ ಗುಡಿ ಕಟ್ಟೆಯ ಮೇಲೆ ಮೇಷ್ಟ್ರು ವಿದ್ಯಾಗಮ, ಅಂದರೆ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲೇ ಹೋಗಿ ಮಾಡುವ ಪಾಠ, ನಡೆಸುತ್ತಿದ್ದರಂತೆ. ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮನೆಗಿದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ. ಹುಡುಗಿಯೂ ಗಂಟಿನ ಜೊತೆ ಬಂದಳು. ನಾನು ಹೋದಾಗ ಮರಳ ಗುಡ್ಡೆಯ ಮೇಲೆ ಯಾರದೋ ಕೂಸನ್ನು ಎತ್ತಿಕೊಂಡು ಕೂತಿದ್ದಳು.

ಇದನ್ನೆಲ್ಲ ಕೊರೊನಾ ತಂದದ್ದಲ್ಲ. ಪ್ರಾದೇಶಿಕ ಅಸಮಾನತೆ ಅಳೆಯಲು ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂದಿತ್ತು. ಅತ್ಯಂತ ಹಿಂದುಳಿದ 39ರಲ್ಲಿ ದೇವದುರ್ಗವೂ ಒಂದು. ಆಮೇಲೆ ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಓದಿ ದಾಟಿದ ಮಕ್ಕಳಿಗೆ ಸೀಟು, ನೌಕರಿ ಸಿಕ್ಕಿತು, ಅದು ಸಣ್ಣ ಮಾತಲ್ಲ. ಎಂಟನೇ ಕ್ಲಾಸಿಗೇ ಶಾಲೆ ತಪ್ಪಿದವರಿಗೆ ಅದು ದಕ್ಕುವುದು ಹೇಗೆ?

ತಪ್ಪು ನಮ್ಮದೂ ಇದೆ. ಮೆಜೆಸ್ಟಿಕ್‌ನ ಜನಜಂಗುಳಿಯ ಫೋಟೋ ಮುಖಪುಟಕ್ಕೆ ಹಾಕಿದೆವು. ಅವರು ಊರು ಮುಟ್ಟಿದ ಮೇಲೆ ಏನಾಯಿತು ಅಂತ ನೋಡಲು ಆಗ ಯಾರನ್ನೂ ಕಳಿಸಲಿಲ್ಲ. ಆ ಬಾಕಿ ತೀರಿಸಲಿಕ್ಕೇ ಈಗ ಇಷ್ಟು ಬರೆಯುತ್ತಿರುವುದು.

ನಿಮ್ಮ ಬೀದಿಯ ಆ ಮೂರು ಕಟ್ಟಡಗಳ ಹತ್ತಿರವೂ ಶೆಡ್ಡುಗಳಿರುತ್ತವೆ. ಸಂಜೆ ಒಂದು ಸಲ ಹೋಗಿ ಮಾತಾಡಿಸಿ. ಯಾವ ಊರು, ಯಾಕೆ ಬಂದಿರಿ ಅಂತ ಕೇಳಿ. ಬರೆದು ಕಳಿಸಿದರೆ ಹಾಕುತ್ತೇವೆ. ಖಾರ ಮಾತ್ರ ಕಡಿಮೆ ಮಾಡಬೇಡಿ.

– ಸಂ.