ಬಿಸಿ ಸಾರು ಬಿದ್ದದ್ದು ಬೆನ್ನಿನ ಮೇಲೆ, ಶ್ವಾಸಕೋಶ ಹೇಗೆ ಕೆಟ್ಟಿತು?

ಗದಗ ತಾಲ್ಲೂಕಿನ ನಿಮ್ಮೂರ ಜಾತ್ರೆಯ ಅಡುಗೆಯಲ್ಲಿ ಸಾರಿನ ಕೊಪ್ಪರಿಗೆ ಮಗುಚಿ ನಿಮ್ಮ ಅಣ್ಣನವರ ಬೆನ್ನು, ತೊಡೆ ಸುಟ್ಟವು. ಹುಬ್ಬಳ್ಳಿಗೆ ಕರೆತಂದ ಮೇಲೆ ಚೆನ್ನಾಗಿಯೇ ಮಾತನಾಡುತ್ತಿದ್ದವರಿಗೆ ನಾಲ್ಕನೆಯ ದಿನ ಏದುಸಿರು ಬಂದು ವೆಂಟಿಲೇಟರ್ ಹಾಕಿದರು. ಹೊಗೆಯನ್ನೇ ಕುಡಿಯದವರ ಶ್ವಾಸಕೋಶ ಹೇಗೆ ಕೆಟ್ಟಿತು, ಆಸ್ಪತ್ರೆಯವರು ಏನಾದರೂ ಮುಚ್ಚಿಡುತ್ತಿದ್ದಾರೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲೇ ತೀವ್ರ ನಿಗಾ ಘಟಕದ ವೈದ್ಯೆ. ಕೇಸ್‌ಪೇಪರ್ ನೋಡದೆ ನಿಮ್ಮ ಅಣ್ಣನವರ ಬಗ್ಗೆ ತೀರ್ಪು ಕೊಡಲಾರೆ. ಆದರೆ ಮೈ ಹೆಚ್ಚು ಸುಟ್ಟಾಗ ಹೊಗೆ ಒಳಗೆ ಹೋಗದಿದ್ದರೂ ಶ್ವಾಸಕೋಶ ಕೆಡಬಹುದು. ಮೊದಲ ದಿನದಿಂದಲೇ ನಾವು ಭಯದಿಂದ ಕಾಯುವ ಅಪಾಯವಿದು.

ನಮಗೆ ಹುಟ್ಟಿನಿಂದಲೇ ಬಂದಿರುವ ಸಹಜ ರೋಗನಿರೋಧಕ ವ್ಯವಸ್ಥೆ ಬಂದ ರೋಗಾಣು ಯಾವುದೆಂದು ವಿಚಾರಿಸುತ್ತಾ ಕೂರುವುದಿಲ್ಲ. ಅಪಾಯದ ಕೆಲವು ಗುರುತು ಕಂಡರೆ ಸಾಕು, ಕೂಡಲೇ ದಾಳಿಗಿಳಿಯುತ್ತದೆ. ಚರ್ಮ ಸುಟ್ಟಾಗ ಒಡೆದ ಜೀವಕೋಶಗಳ ಚೂರುಗಳು ರಕ್ತಕ್ಕೆ ಸೇರುತ್ತವೆ. ಅವುಗಳಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗದ ಡಿಎನ್ಎ ಕೂಡ ಇರುತ್ತದೆ. ಮೈಟೊಕಾಂಡ್ರಿಯ ಬಹು ಹಿಂದೆ ಬ್ಯಾಕ್ಟೀರಿಯದಿಂದಲೇ ಹುಟ್ಟಿ ಬಂದದ್ದು. ಅದರ ಡಿಎನ್ಎಯಲ್ಲಿ ಆ ಛಾಯೆ ಇನ್ನೂ ಉಳಿದಿದೆ. ರಕ್ಷಣಾ ಕಣಗಳಲ್ಲಿ ಅಪಾಯದ ಗುರುತು ಹಿಡಿಯುವ ಟಿಎಲ್‌ಆರ್-9 ಎಂಬ ಪ್ರೊಟೀನ್ ಅದನ್ನು ಬ್ಯಾಕ್ಟೀರಿಯವೆಂದೇ ಎಣಿಸುತ್ತದೆ. ಸೋಂಕು ಇಲ್ಲದೆಯೇ ಸೋಂಕಿನ ಗುಲ್ಲು ಏಳುತ್ತದೆ. ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕಣಗಳು ಟಿಎನ್ಎಫ್, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಮುಂತಾದ ಉರಿಯೂತ ಎಬ್ಬಿಸುವ ಸಂಕೇತ ವಸ್ತುಗಳನ್ನು ಸುರಿಸುತ್ತವೆ, ಅಸ್ಥಿಮಜ್ಜೆಯಿಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ದಂಡಿಯಾಗಿ ಹೊರಡುತ್ತವೆ.

ಹೊರಟವು ಶ್ವಾಸಕೋಶವನ್ನೇ ಏಕೆ ಹಿಡಿಯುತ್ತವೆ? ಮೈಯ ರಕ್ತವೆಲ್ಲ ಅದರ ಮೂಲಕವೇ ಹಾದುಹೋಗಬೇಕು, ಅಲ್ಲಿನ ಲೋಮನಾಳಗಳೋ ಅನೇಕ ಕಡೆ ನ್ಯೂಟ್ರೊಫಿಲ್‌ಗಿಂತಲೂ ಕಿರಿದು. ಸಾಮಾನ್ಯ ದಿನಗಳಲ್ಲಿ ಈ ಕಣ ಮೈ ಬಳುಕಿಸಿ ನುಸುಳುತ್ತದೆ. ಕೆರಳಿದಾಗ ಗಡುಸಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದಲ್ಲೇ ಎಲಾಸ್ಟೇಸ್‌ನಂತಹ ಕಿಣ್ವಗಳನ್ನು ಉಗುಳುತ್ತದೆ, ತನ್ನದೇ ಡಿಎನ್ಎಯ ಬಲೆ ಬೀಸುತ್ತದೆ. ಲೋಮನಾಳದ ತೆಳ್ಳನೆಯ ಗೋಡೆ ಸೋರತೊಡಗಿ ಪ್ರೊಟೀನ್ ತುಂಬಿದ ನೀರು ಗಾಳಿಗೂಡುಗಳಿಗೆ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಕಡೆ ಬೆಳ್ಳಗೆ ಕಾಣುವುದು ಇದೇ. ಇದನ್ನು ನಾವು ಎಆರ್‌ಡಿಎಸ್, ಅಂದರೆ ತೀವ್ರ ಉಸಿರಾಟ ತೊಂದರೆಯ ಸ್ಥಿತಿ, ಎನ್ನುತ್ತೇವೆ. ಪೆಟ್ಟು ಬಿದ್ದ ಒಂದು ವಾರದೊಳಗೆ ಕಾಣಿಸಿಕೊಳ್ಳಬೇಕೆಂದು ಇದನ್ನು ಗುರುತಿಸಲು ವೈದ್ಯರು ಬಳಸುವ 2012ರ ಬರ್ಲಿನ್ ವ್ಯಾಖ್ಯೆ ಹೇಳುತ್ತದೆ. ನಾಲ್ಕನೆಯ ದಿನ ಅದಕ್ಕೆ ಹೊಂದುತ್ತದೆ. ನ್ಯುಮೋನಿಯ, ಗಾಯದ ನಂಜು, ಡ್ರಿಪ್ಪಿನ ನೀರು ಹೆಚ್ಚಾದದ್ದು ಕೂಡ ಕಾರಣವಾಗಿರಬಹುದು ಅಥವಾ ಜೊತೆಗೂಡಿರಬಹುದು. ವೈದ್ಯರನ್ನು ನೇರವಾಗಿ ಕೇಳಿ, ಅದು ನಿಮ್ಮ ಹಕ್ಕು.

ಹಾಗಾದರೆ ಸ್ಟೀರಾಯ್ಡ್ ಕೊಟ್ಟು ಆ ಬಿಳಿ ರಕ್ತಕಣಗಳನ್ನು ಅಡಗಿಸಬಾರದೇ ಎಂದು ಬಹಳ ಜನ ಕೇಳುತ್ತಾರೆ. ಚರ್ಮವಿಲ್ಲದ ಗಾಯಕ್ಕೆ ರೋಗಾಣು ಇಳಿಯದಂತೆ ತಡೆಯುವವೂ ಅವೇ. ಆದ್ದರಿಂದ ಸುಟ್ಟಗಾಯದಲ್ಲಿ ಸ್ಟೀರಾಯ್ಡನ್ನು ವಾಡಿಕೆಯಾಗಿ ಕೊಡುವುದಿಲ್ಲ. ಬದಲಿಗೆ ಶ್ವಾಸಕೋಶ ಇನ್ನಷ್ಟು ಹಿಗ್ಗಿ ಹರಿಯದಂತೆ, ವೆಂಟಿಲೇಟರ್‌ನಿಂದ ಎತ್ತರದಿಂದ ಲೆಕ್ಕ ಹಾಕಿದ ತೂಕದ ಕಿಲೋಗೆ ಸುಮಾರು 6 ಮಿಲಿಲೀಟರ್‌ನಂತೆ ಸಣ್ಣ ಸಣ್ಣ ಉಸಿರು ಕೊಡುತ್ತೇವೆ, ಅಗತ್ಯವಿದ್ದರೆ ಬೋರಲು ಮಲಗಿಸುತ್ತೇವೆ.

ನಾನು ಒತ್ತಿ ಹೇಳಬೇಕಾದದ್ದು ಶಸ್ತ್ರಚಿಕಿತ್ಸೆಯ ವಿಷಯ. ಸತ್ತ ಚರ್ಮ ಮೈಮೇಲೆ ಇರುವಷ್ಟು ದಿನ ಈ ಉರಿಯೂತಕ್ಕೆ ಮೇವು ಸಿಗುತ್ತಲೇ ಇರುತ್ತದೆ. ಆಳವಾದ ಗಾಯದಲ್ಲಿ ಅದನ್ನು ಬೇಗ ಕತ್ತರಿಸಿ ತೆಗೆದು ಬೇರೆ ಚರ್ಮ ಹೊದಿಸುವುದು ಅದಕ್ಕಾಗಿಯೇ. ‘ಉಸಿರಾಟ ಪೂರ್ತಿ ಸರಿಹೋಗಲಿ, ಆಮೇಲೆ ಆಪರೇಷನ್’ ಎಂದು ಮನೆಯವರು ಸಹಿ ಹಾಕಲು ಹಿಂಜರಿಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಡೆದುಕೊಳ್ಳುವ ಶಕ್ತಿ ಇದೆಯೇ ಎಂಬುದನ್ನು ಸರ್ಜನ್ ಮತ್ತು ಅರಿವಳಿಕೆ ತಜ್ಞರು ತೂಗಿ ನೋಡುತ್ತಾರೆ. ಅವರು ಸರಿ ಎಂದರೆ ದಯವಿಟ್ಟು ತಡೆಯಬೇಡಿ.

ಬೆಂಗಳೂರಿಗೆ ಒಯ್ಯೋಣವೇ ಎಂದೂ ಬರೆದಿದ್ದೀರಿ. ಸುಮಾರು 400 ಕಿಲೋಮೀಟರ್ ದಾರಿ. ಹೆಚ್ಚಿನ ಆಮ್ಲಜನಕದ ಮೇಲಿರುವವರಿಗೆ ಆ ಪ್ರಯಾಣವೇ ದೊಡ್ಡ ಗಂಡಾಂತರ. ಇಲ್ಲಿ ಸಿಗದ ಯಾವ ಚಿಕಿತ್ಸೆ ಅಲ್ಲಿ ಸಿಗುತ್ತದೆಂದು ಎರಡೂ ಕಡೆಯ ವೈದ್ಯರು ಮಾತನಾಡಿಕೊಂಡು ಸ್ಪಷ್ಟವಾಗಿ ಹೇಳುವವರೆಗೆ ಅವರನ್ನು ಅಲುಗಿಸಬೇಡಿ.