ಲ್ಯಾಮಿನೇಟ್ ನೆಲದ ಅಂಚು ಉಬ್ಬಿದೆ, ಅಂಗಡಿಯವರು ಒಪ್ಪುತ್ತಿಲ್ಲ

ಎರಡೇ ತಿಂಗಳಿಗೆ ಅಂಚು ಉಬ್ಬಿದೆ, ಅಂಗಡಿಯವರು 'ನೀರು ಬಿದ್ದಿರಬೇಕು' ಅಂತಾರೆ ಅಂದಿರಲ್ಲ, ಇದಕ್ಕೆ ಸಾಮಾನ್ಯ ಕಾರಣ ತೇವ, ಇಲ್ಲವೇ ಗೋಡೆ ಪಕ್ಕ ಜಾಗ ಬಿಡದೆ ಹಾಕಿರುವುದು. ಹಲಗೆಯದೇ ದೋಷವೂ ಇರಬಹುದು. ಮೊದಲು ಒಂದು ಕಡೆ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಬಿಚ್ಚಿ ನೋಡಿ. ಸುಮಾರು 8-10 ಮಿ.ಮೀ. ಸಂದು ಇರಬೇಕು. ಹಲಗೆ ಗೋಡೆಗೆ ಒತ್ತಿಕೊಂಡಿದ್ದರೆ ತಪ್ಪು ಬಹುಶಃ ಹಾಕಿದವರದ್ದು.

ಸಂದು ಸರಿಯಿದ್ದರೆ, ಹಾಕದೆ ಮಿಕ್ಕಿರುವ ಎರಡು ಹಲಗೆ ಜೋಡಿಸಿ, ಅವು ಸೇರುವ ಗೆರೆ ಮೇಲೆ ಉಗುರಾಡಿಸಿ. ಅಲ್ಲೂ ಉಗುರು ತಡೆದರೆ ಹಲಗೆಯದೇ ದೋಷ ಅನ್ನೋದಕ್ಕೆ ಅದು ಒಳ್ಳೆ ಸಾಕ್ಷಿ. ಅವನ್ನು ಎಸೆಯಬೇಡಿ. ಪೆಟ್ಟಿಗೆ ಮೇಲಿನ ಬ್ಯಾಚ್ ನಂಬರಿನ ಫೋಟೋನೂ ತೆಗೆದಿಡಿ.

ಫೋನಲ್ಲಿ ಸುಮ್ನೆ ಜಗಳ ಬೇಡ, ನಾಳೆ ಯಾರಿಗೂ ನೆನಪಿರಲ್ಲ. ಬಿಲ್, ಫೋಟೋ ಸೇರಿಸಿ ಇಮೇಲ್ ಮಾಡಿ. ಬಂದು ನೋಡಿ, ಕಾರಣ ಬರೆದು ಕೊಡಿ ಅಂತ ಕೇಳಿ. ಅಲ್ಲಿಯ ತನಕ ನೆಲ ಕೀಳಬೇಡಿ.